ವಿಬಿಎಸ್ ಕೊನೆ ದಿನ ಮಕ್ಕಳಿಗೆ ಸಿನಿಮಾ: 'ಯು' ಅಂತ ಇದ್ದರೆ ಸಾಕಾ?

ಹಾಸನದ ಟೀಚರ್

ಎಲ್ಲರಿಗೂ ವಂದನೆ. ನಾನು ಹಾಸನದಲ್ಲಿ ಹನ್ನೊಂದು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮೇ ತಿಂಗಳಲ್ಲಿ ನಮ್ಮ ವಿಬಿಎಸ್ (ರಜೆಯಲ್ಲಿ ಚರ್ಚ್ ನಡೆಸುವ ಮಕ್ಕಳ ಬೈಬಲ್ ಶಿಬಿರ) ಇದೆ, ಹತ್ತು ದಿನ. ಕೊನೆ ದಿನ ಹಾಡು, ಬಹುಮಾನ, ಪಲಾವ್ ಎಲ್ಲ ಮುಗಿದ ಮೇಲೆ ಚರ್ಚ್ ಹಾಲ್‌ನಲ್ಲಿ ಒಂದು ಸಿನಿಮಾ ಹಾಕುವುದು ರೂಢಿ. ಈ ಸಲ 41 ಮಕ್ಕಳು ಹೆಸರು ಕೊಟ್ಟಿದ್ದಾರೆ. ನಾಲ್ಕು ವರ್ಷದವರೂ ಇದ್ದಾರೆ, ಏಳನೇ ಕ್ಲಾಸ್ ಮುಗಿಸಿದವರೂ ಇದ್ದಾರೆ. ಎಂಟು ಹತ್ತು ಮಕ್ಕಳು ಅಕ್ಕಪಕ್ಕದ ಬೀದಿಯವರು, ಚರ್ಚಿನವರಲ್ಲ. ಹಾಡಿಗೂ ಬನ್ನಿಗೂ ಬರುತ್ತಾರೆ. ಬರಲಿ.

ಹೋದ ವರ್ಷ ಒಂದು ಎಡವಟ್ಟಾಯಿತು. ನಾನು ಅಡುಗೆ ಕಡೆ ಇದ್ದೆ. ಯುವಕ ಸಂಘದ ಹುಡುಗನೊಬ್ಬ ಪೆನ್ ಡ್ರೈವ್ ತಂದು 'ದಿ ಪ್ಯಾಷನ್ ಆಫ್ ದ ಕ್ರೈಸ್ಟ್' ಹಾಕಿಬಿಟ್ಟ. "ಯೇಸುವಿನ ಸಿನಿಮಾ ತಾನೇ ಟೀಚರ್" ಅಂದ. 2004ರ ಸಿನಿಮಾ ಅದು. ಅಮೆರಿಕದಲ್ಲಿ ಅದಕ್ಕೆ 'ಆರ್' ಕೊಟ್ಟಿದ್ದರು, ಅಂದರೆ 17ರ ಒಳಗಿನವರು ದೊಡ್ಡವರ ಜೊತೆ ಬಂದರೆ ಮಾತ್ರ ಒಳಗೆ. ಮಾತೆಲ್ಲ ಅರಾಮಿಕ್, ಲ್ಯಾಟಿನ್, ಹೀಬ್ರೂ. ಮಕ್ಕಳಿಗೆ ಮಾತು ತಿಳಿಯುವುದಿಲ್ಲ, ಏಟು ಮಾತ್ರ ತಿಳಿಯುತ್ತದೆ. ಬೈಬಲಿನ ಯೋಹಾನ 19:1ರಲ್ಲಿ ಯೇಸುವನ್ನು ಕೊರಡೆಯಿಂದ ಹೊಡೆಸಿದ್ದು ಒಂದೇ ವಾಕ್ಯ. ಸಿನಿಮಾದಲ್ಲಿ ಅದು ಮುಗಿಯುವುದೇ ಇಲ್ಲ. ನಾನು ಸೌಟು ಹಿಡಿದುಕೊಂಡೇ ಓಡಿ ಬಂದು ನಿಲ್ಲಿಸುವಷ್ಟರಲ್ಲಿ ಆರು ವರ್ಷದ ಒಂದು ಹುಡುಗಿ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದಳು. ಎರಡು ವಾರ ರಾತ್ರಿ ಎದ್ದು ಅಳುತ್ತಿದ್ದಳಂತೆ.

ನನ್ನ ಮನಸ್ಸಲ್ಲಿ ಉಳಿದದ್ದು ಇನ್ನೊಂದು. ಮುಂದಿನ ಭಾನುವಾರ ಚರ್ಚ್ ಹಿಂದುಗಡೆ ಮೂರು ಹುಡುಗರು ಸ್ಕಿಪ್ಪಿಂಗ್ ಹಗ್ಗ ಹಿಡಿದು ಆಟ ಆಡುತ್ತಿದ್ದರು. ಒಬ್ಬ ಕಂಬ ತಬ್ಬಿಕೊಂಡಿದ್ದ, ಒಬ್ಬ ಹೊಡೆಯುತ್ತಿದ್ದ, ಇನ್ನೊಬ್ಬ ಎಣಿಸುತ್ತಿದ್ದ. ಹೊಡೆಯುವ ಪಾಳಿಗಾಗಿ ಜಗಳ. ಯೇಸು ಆಗೋಕೆ ಯಾರೂ ತಯಾರಿಲ್ಲ!

ಈ ವರ್ಷ ಕಮಿಟಿಯಲ್ಲಿ ಎರಡು ಹೆಸರು ಬಂದಿವೆ. ಒಂದು 'ದಿ ಪ್ರಿನ್ಸ್ ಆಫ್ ಈಜಿಪ್ಟ್', 1998ರ ಕಾರ್ಟೂನ್, ಈಜಿಪ್ಟಿನ ರಾಜ ಫರೋಹನ ಗುಲಾಮರಾಗಿದ್ದ ಇಸ್ರಾಯೇಲರನ್ನು ಬಿಡಿಸಿಕೊಂಡು ಬಂದ ಮೋಶೆಯ ಕಥೆ. ಇನ್ನೊಂದು ಕನ್ನಡದ್ದೇ, ಮನೆಮಂದಿ ಕೂತು ನೋಡುವಂಥದ್ದು, ಸೆನ್ಸಾರಿನ 'ಯು' ಸರ್ಟಿಫಿಕೇಟ್, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದು. ಎರಡನ್ನೂ ನೋಡಿದೆ. ಕನ್ನಡದ್ದರಲ್ಲಿ ರಕ್ತ ಇಲ್ಲ, ಮುತ್ತು ಇಲ್ಲ, ಕುಡಿತ ಇಲ್ಲ. ಆದರೆ ಎರಡೂಕಾಲು ಗಂಟೆ ಒಬ್ಬ ದಪ್ಪ ಅಡುಗೆ ಹುಡುಗನನ್ನು ಆಡಿಕೊಂಡು ನಗುತ್ತಾರೆ. ಹೀರೋ ಅವನ ತಲೆ ಮೇಲೆ ಮೊಟಕಿದಾಗಲೆಲ್ಲ ಡೊಳ್ಳಿನ ಸದ್ದು. ನಮ್ಮ ಕ್ಲಾಸಲ್ಲೂ ಒಬ್ಬ ದಪ್ಪ ಹುಡುಗ ಇದ್ದಾನೆ. ಅವನನ್ನು ಮುಂದಿನ ಸಾಲಲ್ಲಿ ಕೂರಿಸಿಕೊಂಡು ಇದನ್ನು ಹೇಗೆ ತೋರಿಸಲಿ?

ಕಾರ್ಟೂನ್ ಬಗ್ಗೆ ಒಬ್ಬ ಹಿರಿಯರ ತಕರಾರು, "ಬೈಬಲಲ್ಲಿ ಇದ್ದ ಹಾಗೆ ಇಲ್ಲ" ಅಂತ. ಅದೂ ನಿಜ. ನೀವೆಲ್ಲ ಏನು ನೋಡಿ ತೀರ್ಮಾನ ಮಾಡುತ್ತೀರಿ?

ಬ್ರದರ್, ಅರಸೀಕೆರೆ

ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಕೆಲಸಕ್ಕೆ ಬಾರದ್ದನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದಿಲ್ಲ ಅಂತ ದಾವೀದ ಕೀರ್ತನೆ 101ರಲ್ಲಿ ಹೇಳುತ್ತಾನೆ. ಮಕ್ಕಳು ವರ್ಷವಿಡೀ ಮೊಬೈಲ್ ನೋಡುತ್ತಾರೆ. ದೇವರ ಮನೆಗೆ ಬಂದ ಹತ್ತು ದಿನವೂ ತೆರೆಯೇ ಬೇಕಾ? ನಮ್ಮಲ್ಲಿ ಈಗಲೂ ಫ್ಲಾನೆಲ್ ಬೋರ್ಡ್ ಇದೆ. ಬಟ್ಟೆ ಮೇಲೆ ಚಿತ್ರ ಅಂಟಿಸಿ ಕಥೆ ಹೇಳುತ್ತೇವೆ. ಯಾವ ಮಗುವೂ ಒದ್ದೆ ಮಾಡಿಕೊಂಡಿಲ್ಲ.

ತೋಟದ ತಾತ, ಚಿಕ್ಕಮಗಳೂರು

ಟೀಚರಮ್ಮ, ನಾನು ಕ್ಯಾಥೊಲಿಕ್. ಮೂವತ್ತು ವರ್ಷ ಕಾಫಿ ತೋಟದಲ್ಲಿ ರೈಟರ್ ಆಗಿದ್ದವನು. ಈಗ ಪೇಟೆಯಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಕ್ಕಳು ಇಬ್ಬರು. ರಿಮೋಟ್ ಅವರ ಕೈಯಲ್ಲಿ, ಚಿಂತೆ ನನ್ನ ತಲೆಯಲ್ಲಿ.

ಆಗೆಲ್ಲ ತೋಟದ ಕಣದಲ್ಲಿ ಬಿಳಿ ಬಟ್ಟೆ ಕಟ್ಟಿ ಯೇಸುವಿನ ಸಿನಿಮಾ ಹಾಕುತ್ತಿದ್ದರು. 1979ರದು, ಲೂಕನ ಸುವಾರ್ತೆ ಇಟ್ಟುಕೊಂಡು ಮಾಡಿದ್ದು, ಕನ್ನಡದಲ್ಲೇ ಮಾತಾಡುತ್ತಿತ್ತು. ಲೈನ್ ಮನೆಯವರೆಲ್ಲ ಕಂಬಳಿ ಹೊದ್ದು ಕೂರುತ್ತಿದ್ದರು. ಮೊಳೆ ಹೊಡೆಯುವ ಹೊತ್ತಿಗೆ ಹೆಂಗಸರು ಮಕ್ಕಳ ಮುಖವನ್ನು ಸೆರಗಿನಲ್ಲಿ ಮುಚ್ಚುತ್ತಿದ್ದರು. ಅಷ್ಟೇ ನಮ್ಮ ಸೆನ್ಸಾರ್. ಆ ಸೆರಗು ಪಕ್ಕದಲ್ಲಿ ಇತ್ತಲ್ಲ, ಅದು ಮುಖ್ಯ. ನಿಮ್ಮ ಹಾಲ್‌ನಲ್ಲಿ ಅವತ್ತು ಪೆನ್ ಡ್ರೈವ್ ಇತ್ತು, ಸೆರಗು ಅಡುಗೆ ಮನೆಯಲ್ಲಿತ್ತು. ತಪ್ಪು ನಿಮ್ಮದು ಅಂತಲ್ಲ.

ಸರ್ಟಿಫಿಕೇಟ್ ಬೇಡ ಅನ್ನುವವನು ನಾನಲ್ಲ. ಮೊದಲು ಯುಎ ಅಂದರೆ 12ರ ಒಳಗಿನವರಿಗೆ ಅಪ್ಪ ಅಮ್ಮ ಯೋಚಿಸಿ ತೋರಿಸಲಿ ಅಂತಿತ್ತು. 2024ರ ನಿಯಮ ಬಂದ ಮೇಲೆ ಯುಎಯನ್ನು 7, 13, 16 ಅಂತ ಮೂರು ಮಾಡಿದ್ದಾರೆ. ಒಳ್ಳೆಯದೇ. ಆದರೆ ಅದೂ ಹೆತ್ತವರಿಗೆ ಒಂದು ಸೂಚನೆ ಅಷ್ಟೇ. ಬಾಗಿಲು ಹಾಕುವುದು 'ಎ' ಒಂದೇ, 18ರ ಒಳಗಿನವರಿಗೆ. ದಪ್ಪ ಹುಡುಗನ ತಲೆ ಮೇಲೆ ಎಷ್ಟು ಸಲ ಮೊಟಕಿದರು ಅಂತ ಲೆಕ್ಕ ಇಡುವವರು ಅಲ್ಲಿ ಯಾರೂ ಇಲ್ಲ. ಅದನ್ನು ನೀವು ಇಟ್ಟಿದ್ದೀರಿ. ಅಲ್ಲಿಗೆ ಕನ್ನಡ ಸಿನಿಮಾದ ಪ್ರಶ್ನೆ ಮುಗಿಯಿತಲ್ವಾ?

ಬ್ರದರ್ ಹೇಳಿದ ಹಾಗೆ ಸಿನಿಮಾನೇ ಬೇಡ ಅನ್ನುವ ಮಾತು ನಮ್ಮಲ್ಲೂ ಬೇಕಾದಷ್ಟು ಇತ್ತು. 1936ರಲ್ಲಿ ಪೋಪ್ 11ನೇ ಪಯಸ್ ಸಿನಿಮಾ ವಿಷಯಕ್ಕೇ ಒಂದು ಪತ್ರ ಬರೆದರು. ಯಾವುದು ಎಲ್ಲರೂ ನೋಡಬಹುದು, ಯಾವುದು ಕೆಟ್ಟದ್ದು ಅಂತ ಪಟ್ಟಿ ಮಾಡಿ ಜನರಿಗೆ ತಿಳಿಸಿ ಅಂದರು. ಆಮೇಲೆ 1995ರಲ್ಲಿ, ಸಿನಿಮಾಕ್ಕೆ ನೂರು ವರ್ಷ ತುಂಬಿದಾಗ, ವ್ಯಾಟಿಕನ್ ತಾನೇ 45 ಒಳ್ಳೆಯ ಸಿನಿಮಾಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಧರ್ಮದ ಸಿನಿಮಾ ಅಂತ ಇದ್ದದ್ದು ಬರೀ 15. ಉಳಿದವನ್ನು ಬದುಕಿನ ಮೌಲ್ಯಕ್ಕೆ, ಕಲೆಗೆ ಅಂತ ಆರಿಸಿದ್ದರು. ಅರವತ್ತು ವರ್ಷ ಹಿಡಿಯಿತು ನೋಡಿ, ಅಷ್ಟು ದೂರ ಬರೋಕೆ.

ಈಗ ಮೋಶೆ. ನಿಮ್ಮ ಹಿರಿಯರು ಹೇಳಿದ್ದು ಸರಿ, ಆದರೆ ಎಲ್ಲ ವ್ಯತ್ಯಾಸವೂ ಒಂದೇ ತೂಕದ್ದಲ್ಲ. ಬೈಬಲಲ್ಲಿ ನದಿಯ ಬುಟ್ಟಿಯಲ್ಲಿದ್ದ ಕೂಸು ಮೋಶೆಯನ್ನು ಎತ್ತಿಕೊಂಡವಳು ಫರೋಹನ ಮಗಳು. ಸಿನಿಮಾದಲ್ಲಿ ಅವನ ರಾಣಿ. ನನಗೆ ಅದೇನು ದೊಡ್ಡದಲ್ಲ. ದೊಡ್ಡದು ಬೇರೆ ಇದೆ. ಸಿನಿಮಾದಲ್ಲಿ ಮೋಶೆ ಓಡಿ ಬಂದು ಗುಲಾಮನನ್ನು ಹೊಡೆಯುತ್ತಿದ್ದ ಕಾವಲುಗಾರನನ್ನು ತಳ್ಳುತ್ತಾನೆ, ಅವನು ಮೇಲಿಂದ ಬಿದ್ದು ಸಾಯುತ್ತಾನೆ. ಕೈ ಮೀರಿ ಆದದ್ದು, ಎಲ್ಲರ ಎದುರಿಗೇ. ಬೈಬಲಲ್ಲಿ ಈ ಕಥೆ ಇರುವ ವಿಮೋಚನಕಾಂಡ 2:12 ತೆಗೆಯಿರಿ. ಆ ಕಡೆ ಈ ಕಡೆ ನೋಡುತ್ತಾನೆ. ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುತ್ತಾನೆ. ಹೊಡೆದು ಕೊಂದು ಮರಳಲ್ಲಿ ಮುಚ್ಚಿಡುತ್ತಾನೆ. ಮಕ್ಕಳ ಸಿನಿಮಾ ಅಂತ ಕೊಲೆಯನ್ನು ಅಪಘಾತ ಮಾಡಿದ್ದಾರೆ. ರಕ್ತ ಕಡಿಮೆ ಆಯಿತು, ನಿಜ. ಆದರೆ ತಪ್ಪೇ ಮಾಡದವನಿಗೆ ಕ್ಷಮೆ ಯಾಕೆ ಬೇಕು? ಕೊಂದು ಓಡಿಹೋದವನನ್ನೇ ದೇವರು ಹೆಸರು ಹಿಡಿದು ಕರೆದ ಅನ್ನುವುದಲ್ವಾ ಕಥೆ?

ಅದಕ್ಕೆ ನಾನು ನೋಡುವುದು ಎರಡೇ. ಸಿನಿಮಾ ಮುಗಿದ ಮೇಲೆ ಮಗು ಯಾರ ಹಾಗೆ ಆಡುತ್ತದೆ? ನಿಮ್ಮ ಹಗ್ಗದ ಹುಡುಗರನ್ನು ನೆನಪಿಸಿಕೊಳ್ಳಿ. ಇನ್ನೊಂದು, ಅದರಲ್ಲಿ ತಪ್ಪಿಗೆ ತೂಕ ಇದೆಯಾ, ಇಲ್ಲಾ ನಗಿಸಿ ಮರೆಸುತ್ತದಾ? ಈ ಕಾರ್ಟೂನಲ್ಲಿ ತೂಕ ಇದೆ. ಗೆದ್ದ ಮೋಶೆ ಗೋಡೆಗೆ ಒರಗಿ ಅಳುತ್ತಾನೆ, ಸೋತ ಫರೋಹನ ಸತ್ತ ಮಗನಿಗಾಗಿ. ಅಂಥದ್ದನ್ನು ಎಷ್ಟು ಸಿನಿಮಾದಲ್ಲಿ ನೋಡಿದ್ದೀರಿ? ತೋರಿಸಿ. ಆದರೆ ಮೊದಲು ಅಧ್ಯಾಯ ಓದಿಸಿ. 'ಎಲ್ಲೆಲ್ಲಿ ಬದಲಾಯಿಸಿದ್ದಾರೆ ಹುಡುಕಿ' ಅಂತ ದೊಡ್ಡ ಮಕ್ಕಳಿಗೆ ಆಟ ಕೊಡಿ. ಬದಲಾಯಿಸಿದ್ದೇವೆ ಅಂತ ಸಿನಿಮಾದವರೇ ಶುರುವಿನಲ್ಲಿ ತೆರೆ ಮೇಲೆ ಬರೆದಿದ್ದಾರೆ.

ಸಕಲೇಶಪುರದ ಅಮ್ಮ

ಅಕ್ಕಾ, ತಾತ ಹೇಳಿದ್ದು ದೊಡ್ಡ ಮಕ್ಕಳಿಗೆ ಸರಿ. ಚಿಕ್ಕವರಿಗೆ ಬೇಡವೇ ಬೇಡ. ನನ್ನ ಮಗನಿಗೆ ಐದು ವರ್ಷ ಇದ್ದಾಗ ತೋರಿಸಿ ಅನುಭವಿಸಿದ್ದೇನೆ.

ಒಂದು ಕನಸಿನ ದೃಶ್ಯ ಇದೆ. ಗೋಡೆ ಮೇಲಿನ ಚಿತ್ರಗಳು ಎದ್ದು ಓಡುತ್ತವೆ, ಕೂಸುಗಳನ್ನು ಮೊಸಳೆ ಬಾಯಿಗೆ ಎಸೆಯುತ್ತವೆ. ಅದನ್ನಾದರೂ ಅವನು ತಡೆದುಕೊಂಡ. ದೇವರು ಈಜಿಪ್ಟಿಗೆ ಕಳಿಸಿದ ಕೊನೆಯ ಬಾಧೆ, ಚೊಚ್ಚಲು ಮಕ್ಕಳ ಸಾವು, ಬಂದಾಗ ಆಗಲಿಲ್ಲ. ಬಾಗಿಲಿಗೆ ಕುರಿಮರಿಯ ರಕ್ತ ಹಚ್ಚಿದ ಮನೆಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಬೆಳ್ಳಗಿನ ಹೊಗೆ ಹಾಗೆ ಏನೋ ಬೀದಿಯಲ್ಲಿ ಹರಿದು ಬರುತ್ತದೆ. ಹಾಡಿಲ್ಲ, ಉಸಿರಿನ ಸದ್ದು ಅಷ್ಟೇ. ಒಬ್ಬ ಹುಡುಗ ಮಡಕೆ ಹಿಡಿದು ಬಾಗಿಲ ಒಳಗೆ ಹೋಗುತ್ತಾನೆ. ಆಮೇಲೆ ಅವನ ಕೈ ಮಾತ್ರ ಕಾಣುತ್ತದೆ. ಆ ಸಾವಿನಲ್ಲಿ ಒಂದು ಹನಿ ರಕ್ತ ಇಲ್ಲ. ಆದರೆ ನನ್ನ ಮಗ ನಮ್ಮ ಮನೆ ಬಾಗಿಲಿಗೂ ಕೆಂಪು ಹಚ್ಚೋಣ ಅಂತ ಮೂರು ದಿನ ಕಾಟ ಕೊಟ್ಟ. ಅವನೇ ನಮ್ಮ ಚೊಚ್ಚಲು. ಯಾಕೆ ಅಂತ ನನಗೆ ಹೊಳೆಯೋಕೆ ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಕೆಂಪು ಸ್ಕೆಚ್ ಪೆನ್ನಲ್ಲಿ ಬಾಗಿಲ ಪಟ್ಟಿ ಪೂರಾ ಗೀಚಿದ್ದ. ಬಾಡಿಗೆ ಮನೆ ಬೇರೆ!

ಅದಕ್ಕೆ ವಯಸ್ಸು ನೋಡಿ ಬೇರೆ ಮಾಡಿ. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಮಾತು ಅರ್ಥ ಆಗುವುದಿಲ್ಲ, ಯಾರಾದರೂ ನಿಲ್ಲಿಸಿ ನಿಲ್ಲಿಸಿ ಹೇಳಬೇಕು. ಇನ್ನೊಂದು, ಒಟಿಟಿ ಖಾತೆಯಿಂದ ಹಾಲ್‌ನಲ್ಲಿ ಹಾಕಬೇಡಿ, ಅದು ಮನೆ ಬಳಕೆಗೆ ಮಾತ್ರ. ಅನುಮತಿ ಕೇಳಿ ತಗೊಳ್ಳಿ. ಹತ್ತು ಆಜ್ಞೆ ತಂದ ಮೋಶೆಯನ್ನು ಕದ್ದ ಕಾಪಿಯಲ್ಲಿ ತೋರಿಸುವುದು ಚೆನ್ನಾಗಿರಲ್ಲ.

ಹಾಸನದ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ತಾತ, ಸೆರಗು ಅಡುಗೆ ಮನೆಯಲ್ಲಿತ್ತು ಅಂದಿದ್ದು ಚುಚ್ಚಿತು. ನಿಜ ಆದ್ದರಿಂದ ಚುಚ್ಚಿತು. ಈ ಸಲ ಪಲಾವ್ ಮಾಡುವ ಕೆಲಸ ಹೊರಗಿನವರಿಗೆ ಕೊಟ್ಟಿದ್ದೇವೆ.

ಒಂದು ಮಾತು ಮಾತ್ರ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೊಲೆಯನ್ನು ಅಪಘಾತ ಮಾಡಿದ್ದು ತಪ್ಪು ಅಂತೀರಿ. ಎಂಟು ವರ್ಷದ ಮಗುವಿಗೆ "ಮೋಶೆ ಕೊಂದು ಹೂತಿಟ್ಟ" ಅಂತ ನಾನೂ ಹೇಳುವುದಿಲ್ಲ. ಕ್ಲಾಸಲ್ಲಿ ಯಾವಾಗಲೂ ಅಲ್ಲಿ ಸ್ವಲ್ಪ ಬೇಗ ಬೇಗ ಓದಿ ಮುಂದೆ ಹೋಗುತ್ತೇನೆ. ಹಾಗಾದರೆ ಸಿನಿಮಾದವರೂ ನಾನೂ ಒಂದೇ ಅಲ್ವಾ?

ಎಂಟರ ಕೆಳಗಿನವರನ್ನು ಸಂಡೇ ಸ್ಕೂಲ್ ಕೋಣೆಯಲ್ಲಿ ಕೂರಿಸುತ್ತೇವೆ. ಅವರಿಗೆ ಏನು ಮಾಡಿಸುವುದು ಅಂತ ಇನ್ನೂ ಗೊತ್ತಿಲ್ಲ. ದೊಡ್ಡವರು 23 ಜನ ಆಗುತ್ತಾರೆ. ಅವರಿಗೆ ಹಿಂದಿನ ಮೂರು ದಿನ ವಿಮೋಚನಕಾಂಡ 1ರಿಂದ 14. ಅನುಮತಿಗೆ ನಮ್ಮ ಪಾಸ್ಟರ್ ಅಯ್ಯನವರು ಬರೆದಿದ್ದಾರೆ.

ತೋಟದ ತಾತ, ಚಿಕ್ಕಮಗಳೂರು

ಒಂದೇ ಅಲ್ಲ ಟೀಚರಮ್ಮ. ನೀವು ಮುಂದಿನ ವರ್ಷವೂ ಆ ಮಗುವಿನ ಜೊತೆ ಇರುತ್ತೀರಿ. ಹತ್ತು ವರ್ಷ ಆದಾಗ ನಿಧಾನವಾಗಿ ಓದುತ್ತೀರಿ.

ಬ್ರದರ್, ಅರಸೀಕೆರೆ

ಸಿಸ್ಟರ್, ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಚಿಕ್ಕವರಿಗೆ ನಮ್ಮ ಫ್ಲಾನೆಲ್ ಬೋರ್ಡ್ ಕಳಿಸುತ್ತೇನೆ, ಕೆಂಪು ಸಮುದ್ರದ ಸೆಟ್ ಪೂರ್ತಿ ಇದೆ. ಹಾಸನದ ಬಸ್ಸಿಗೆ ಹಾಕಲಾ? ಹುಷಾರು, ನಮ್ಮ ತಾಯಿ ಕತ್ತರಿಸಿ ಬಣ್ಣ ಹಚ್ಚಿದ ಚಿತ್ರಗಳು.

ಹಾಸನದ ಟೀಚರ್

ನಿನ್ನೆ ಮುಗಿಯಿತು, ಹೇಳಲೇಬೇಕು. ಕೆಂಪು ಸಮುದ್ರದ ದಡಕ್ಕೆ ಜನ ಬಂದು ನಿಂತಿದ್ದರು, ಹಿಂದೆ ರಥಗಳು. ಸರಿಯಾಗಿ ಆಗಲೇ ಕರೆಂಟ್ ಹೋಯಿತು! 23 ಮಕ್ಕಳ ಕೂಗಿಗೆ ರಸ್ತೆಯವರು ಬಂದು ಇಣುಕಿದರು. ಪಕ್ಕದ ಕೋಣೆಯಲ್ಲಿ ಮಾತ್ರ ಚಿಕ್ಕವರು ಕಿಟಕಿ ಬೆಳಕಲ್ಲಿ ಆಗಲೇ ಸಮುದ್ರ ದಾಟಿ ಆಚೆ ಹೋಗಿದ್ದರು. ಬ್ರದರ್, ಆ ಅಂಕ ನಿಮಗೆ.

ಕರೆಂಟ್ ಬರೋಕೆ ಇಪ್ಪತ್ತು ನಿಮಿಷ ಆಯಿತು. ಕತ್ತಲಲ್ಲಿ ಸುಮ್ನೆ ಮಾತಾಡುತ್ತಾ ಕೂತೆವು. ಪಕ್ಕದ ಬೀದಿಯ ಹುಡುಗ, ಚರ್ಚಿನವನಲ್ಲ, ಕೇಳಿದ: "ಟೀಚರ್, ಆ ಮಡಕೆ ಹುಡುಗ ಏನು ತಪ್ಪು ಮಾಡಿದ್ದ?" ಏನೂ ಮಾಡಿರಲಿಲ್ಲ ಅಂದೆ. "ಮತ್ತೆ?" ಅಂದ. ಜನರನ್ನು ಬಿಡುವುದಿಲ್ಲ ಅಂತ ಫರೋಹ ಒಂಬತ್ತು ಸಲ ಹಠ ಮಾಡಿದ, ಅದಕ್ಕೆ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ, ಅದು ಕತ್ತಲಲ್ಲೂ ಗೊತ್ತಾಗುತ್ತಿತ್ತು. ನನಗೂ ಆಗಿರಲಿಲ್ಲ. ಆಗ ಹೋದ ವರ್ಷ ಹಗ್ಗ ಹಿಡಿದಿದ್ದವನು ಮೂಲೆಯಿಂದ "ಮೋಶೆನೂ ಅತ್ತನಲ್ಲಾ ಟೀಚರ್" ಅಂದ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ತಾತ, ನಿಮ್ಮ 'ಬದಲಾಯಿಸಿದ್ದು ಹುಡುಕಿ' ಆಟದಲ್ಲಿ ಆ ಹಗ್ಗದ ಹುಡುಗನೇ ಎಂಟು ಹುಡುಕಿದ. ಅದರಲ್ಲಿ ಎರಡು ನಾನೂ ಗಮನಿಸಿರಲಿಲ್ಲ. ಮರಳಲ್ಲಿ ಹೂತದ್ದೂ ಅವನ ಪಟ್ಟಿಯಲ್ಲಿತ್ತು, ನಾನು ಬೇಗ ಬೇಗ ಓದಿದ್ದು ದಂಡ.

ಬ್ರದರ್, ಬೋರ್ಡ್ ಸೋಮವಾರದ ಬಸ್ಸಿಗೆ ಹಾಕುತ್ತೇನೆ. ಫರೋಹನ ಒಂದು ರಥ ಸಿಗುತ್ತಿಲ್ಲ. ನಾಲ್ಕು ವರ್ಷದವಳೊಬ್ಬಳ ಮೇಲೆ ಅನುಮಾನ ಇದೆ. ಅವಳ ಅಜ್ಜಿಗೆ ಹೇಳಿದ್ದೇನೆ, ಹುಡುಕುತ್ತಿದ್ದಾರೆ.