ಓದುಗರ ಸ್ಪಂದನ: ಟ್ಯಾರೋ ಡೈರಿ ಹನ್ನೊಂದೇ ದಿನಕ್ಕೆ ನಿಂತುಹೋಯಿತು

ಓದುಗರ ಪ್ರಶ್ನೆ: ಚಿತ್ರದ ಕಾರ್ಡ್ ತೆಗೆದು ಭವಿಷ್ಯ ಹೇಳುವ ಟ್ಯಾರೋ ಕಲಿಯಲು ಶುರು ಮಾಡಿ ಐದು ತಿಂಗಳಾಯಿತು. ದಿನಕ್ಕೊಂದು ಕಾರ್ಡ್ ತೆಗೆದು ಬರೆಯೋಣ ಅಂತ ಚೆಂದದ ನೋಟ್‌ಬುಕ್ ತಂದೆ. ಹನ್ನೊಂದೇ ದಿನಕ್ಕೆ ನಿಂತಿತು. ಬರೆದದ್ದೆಲ್ಲ ಪುಸ್ತಕದಲ್ಲಿದ್ದ ಅರ್ಥದ ನಕಲು. ಮನೆಯವರು ಓದಿಬಿಟ್ಟರೆ ಎಂಬ ಅಳುಕು ಬೇರೆ. ಏನು ಮಾಡಲಿ?

*

ನನ್ನ ಮೊದಲ ನೋಟ್‌ಬುಕ್ಕೂ ಹೀಗೇ ಸತ್ತಿತು. ಪರೀಕ್ಷೆಗೆ ನೋಟ್ಸ್ ಬರೆದ ಹಾಗೆ ಬರೆಯುತ್ತಿದ್ದೆ. ನೋಟ್ಸನ್ನು ಯಾರು ಖುಷಿಯಿಂದ ಬರೆಯುತ್ತಾರೆ ಹೇಳಿ?

ಒಂದು ಕೆಲಸ ಮಾಡಿ. ಪುಸ್ತಕ ಮುಚ್ಚಿಡಿ. ಚಿತ್ರದಲ್ಲಿ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ, ಅರ್ಥ ಬೇಡ. ನನಗೆ ಮೊದಲ ಸಲ ಫೈವ್ ಆಫ್ ಕಪ್ಸ್, ಅಂದರೆ ಐದು ಬಟ್ಟಲಿನ ಕಾರ್ಡ್, ಬಂದಾಗ ಬರೆದದ್ದು ಇಷ್ಟೇ: ‘ಕಪ್ಪು ನಿಲುವಂಗಿ. ತಲೆ ತಗ್ಗಿಸಿದ್ದಾನೆ. ಮೂರು ಬಟ್ಟಲು ಉರುಳಿವೆ.’ ಎರಡು ತಿಂಗಳಾದ ಮೇಲೆ ಅದೇ ಕಾರ್ಡ್ ಮತ್ತೆ ಬಂತು. ಆಗ ಬರೆದೆ: ‘ಬೆನ್ನ ಹಿಂದೆ ಎರಡು ಬಟ್ಟಲು ನಿಂತೇ ಇವೆ. ಆಚೆ ಒಂದು ಸೇತುವೆಯೂ ಇದೆ.’ ಹಳೆ ಪುಟ ತೆಗೆದು ನೋಡಿದರೆ ಅಲ್ಲಿ ಆ ಎರಡು ಬಟ್ಟಲಿನ ಸುದ್ದಿಯೇ ಇಲ್ಲ! ಆ ವಾರ ನಾನು ಯಾವ ಮನಸ್ಥಿತಿಯಲ್ಲಿದ್ದೆ ಅಂತ ನನಗೆ ತಿಳಿದದ್ದು ಆಗಲೇ. ಪುಸ್ತಕ ಇದನ್ನು ಹೇಳಿಕೊಡುವುದಿಲ್ಲ.

ಒಂದು ಮಾತು. ಇದು ನಡೆಯುವುದು 1909ರ ರೈಡರ್-ವೇಟ್ ಮಾದರಿಯ ಕಟ್ಟಿನಲ್ಲಿ. ಅದರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಕಾರ್ತಿ ಬಟ್ಟಲು, ಕತ್ತಿಯಂಥ ಗುಂಪಿನ ಅಂಕಿ ಕಾರ್ಡ್‌ಗಳಿಗೂ ಒಂದೊಂದು ದೃಶ್ಯ ಬರೆದಿದ್ದಾರೆ. ನಿಮ್ಮದು ಬರೀ ಐದು ಬಟ್ಟಲು, ಏಳು ಕತ್ತಿ ಜೋಡಿಸಿಟ್ಟ ಹಳೆ ಮಾರ್ಸೇ ಮಾದರಿಯಾದರೆ ನೋಡಿ ಬರೆಯಲು ಜಾಸ್ತಿ ಏನೂ ಸಿಗುವುದಿಲ್ಲ.

ಮತ್ತೆ, ಆ ಚೆಂದದ ನೋಟ್‌ಬುಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ. ಗೀಚಲು ಮನಸ್ಸು ಬರುವಂಥದ್ದು ತನ್ನಿ.

— ಆರು ವರ್ಷದಿಂದ ಬರೆಯುತ್ತಿರುವ ಓದುಗಿ

*

ನನಗೆ ಟ್ಯಾರೋ ಮೇಲೆ ನಂಬಿಕೆ ಇಲ್ಲ. ಹದಿನೈದನೇ ಶತಮಾನದ ಇಟಲಿಯಲ್ಲಿ ಆಡುತ್ತಿದ್ದ ಇಸ್ಪೀಟಿನಂಥ ಆಟ ಇದು, ಭವಿಷ್ಯ ಹೇಳುವುದು ಗಟ್ಟಿಯಾಗಿ ಅಂಟಿಕೊಂಡದ್ದು ಹದಿನೆಂಟನೇ ಶತಮಾನದಲ್ಲಿ. ಆದರೂ ಮಗಳು ಕಲಿಯುತ್ತಿದ್ದಾಳೆ, ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಾರ್ಡ್ ಏನು ಹೇಳುತ್ತದೆ ಅಂತ ಬೆಳಿಗ್ಗೆ ನೀಲಿ ಶಾಯಿಯಲ್ಲಿ ಬರೆ, ಅದು ದಿನಕ್ಕೆ ಹೊಂದಿತೋ ಇಲ್ಲವೋ ಅಂತ ರಾತ್ರಿ ಕೆಂಪು ಶಾಯಿಯಲ್ಲಿ ಬರೆ, ನೀಲಿಯನ್ನು ಮಾತ್ರ ತಿದ್ದಬೇಡ.

ಯಾಕೆ ಅಂದರೆ, 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳಿಗೆ ‘ಇದು ನಿನ್ನ ಸ್ವಭಾವ’ ಅಂತ ಒಂದೊಂದು ಹಾಳೆ ಕೊಟ್ಟರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ. ಎಷ್ಟು ಸರಿಯಾಗಿದೆ ಎಂದು ಕೇಳಿದರೆ ಹುಡುಗರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ರಾತ್ರಿ ಕೂತು ನೆನಪು ಮಾಡಿಕೊಂಡರೆ ಯಾವ ಕಾರ್ಡಾದರೂ ದಿನಕ್ಕೆ ಹೊಂದೇ ಹೊಂದುತ್ತದೆ. ‘ಇವತ್ತು ಹೊಂದಲಿಲ್ಲ’ ಅಂತ ಕೆಂಪಿನಲ್ಲಿ ಬರೆಯುವ ಧೈರ್ಯ ಇದ್ದರೆ ಡೈರಿ ಇಡಿ, ಇಲ್ಲದಿದ್ದರೆ ಸುಮ್ನೆ ಶಾಯಿ ದಂಡ.

— ನಿವೃತ್ತ ಗಣಿತ ಶಿಕ್ಷಕ

*

ದಿನಾ ಬರೆಯಲೇಬೇಕು ಅಂತ ಯಾರು ಹೇಳಿದರು? ನಾನು ದಿನಕ್ಕೊಂದು ಪುಟ ಬಿಟ್ಟು ಕಾರ್ಡಿಗೊಂದು ಪುಟ ಇಟ್ಟೆ, ಕಟ್ಟಿನಲ್ಲಿರುವ ಕಾರ್ಡುಗಳಷ್ಟೇ, ಒಟ್ಟು 78. ಕಾರ್ಡ್ ಬಂದ ದಿನ ಅದರ ಪುಟದಲ್ಲಿ ತಾರೀಖು, ಎರಡು ಸಾಲು, ಅಷ್ಟೇ. ಬಿಟ್ಟ ದಿನ ಖಾಲಿ ಪುಟವಾಗಿ ಹಂಗಿಸುವುದಿಲ್ಲ.

ಒಂದು ತಾಪತ್ರಯ ಇದೆ. ಪ್ರತಿ ಸಲ ಕಾರ್ಡ್ ವಾಪಸ್ ಸೇರಿಸಿ ಕಲೆಸುತ್ತೀರಿ ಅಲ್ವಾ? ಹಾಗಾಗಿ 78 ದಿನ ಎಳೆದರೂ ಲೆಕ್ಕದ ಪ್ರಕಾರ ಇಪ್ಪತ್ತೆಂಟರಷ್ಟು ಕಾರ್ಡ್ ಮುಖವನ್ನೇ ತೋರಿಸಿರುವುದಿಲ್ಲ. ಭಾನುವಾರ ಅಂಥದ್ದೊಂದನ್ನು ನಾನೇ ಹುಡುಕಿ ತೆಗೆದು ಬರೆಯುತ್ತೇನೆ. ಪೆಂಟಕಲ್ಸ್, ಅಂದರೆ ನಾಣ್ಯದ ಗುಂಪಿನ ಕಾರ್ಡ್‌ಗಳನ್ನು, ಕಲಿತದ್ದು ಹಾಗೇ.

— ಎರಡು ಮಕ್ಕಳ ತಾಯಿ

*

ಮನೆಯವರು ಓದುವ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಡೈರಿಯನ್ನು ನನ್ನ ತಮ್ಮ ಎಲ್ಲರೆದುರು ಗಟ್ಟಿಯಾಗಿ ಓದಿಬಿಟ್ಟ. ಆಮೇಲೆ ಹೆಸರು ಬರೆಯುವುದನ್ನೇ ಬಿಟ್ಟೆ. ಗೆಳತಿಗಾಗಿ ಕಾರ್ಡ್ ತೆಗೆದರೆ ‘ಒಬ್ಬರು, ಕೆಲಸದ ಪ್ರಶ್ನೆ’ ಅಂತ ಮಾತ್ರ. ಅವರ ಗುಟ್ಟು ನಮ್ಮ ಪುಸ್ತಕದಲ್ಲಿ ಇರಬಾರದು, ಅಕ್ಕ. ನಮ್ಮ ಸ್ವಂತದ್ದು ಏನಾದರೂ ಇದ್ದರೆ ಫೋನಿನಲ್ಲಿ ಪಾಸ್‌ವರ್ಡ್ ಹಾಕಿ ಬರೆಯಬಹುದು.

ಆದರೆ ಅಳುಕಿಗೆ ಹೆದರಿ ಪುಟ ಹರಿಯಬೇಡಿ. ಕಲಿಯಲು ಶುರು ಮಾಡಿದ ವಾರದಲ್ಲೇ ನನಗೆ ಹದಿಮೂರನೇ ಕಾರ್ಡ್ ಬಂತು, ಡೆತ್. ಬಿಳಿ ಕುದುರೆ ಮೇಲೆ ಅಸ್ಥಿಪಂಜರ. ಆ ರಾತ್ರಿ ಭಯದಲ್ಲಿ ಪುಟ ತುಂಬಾ ಬರೆದು, ಬೆಳಿಗ್ಗೆ ನಾಚಿಕೆಯಾಗಿ ಹರಿದು ಹಾಕಿದೆ. ಈಗ ಆ ಕಾರ್ಡ್ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ಹಿಂದೆ ಎರಡು ಗೋಪುರಗಳ ನಡುವಿನ ಸೂರ್ಯನ ಕಡೆಗೆ. ಅವತ್ತು ಅದನ್ನು ನೋಡಿದ್ದೆನೋ ಇಲ್ಲವೋ, ಪುಟವೇ ಇಲ್ಲವಲ್ಲ.

— ಕಾಲೇಜು ವಿದ್ಯಾರ್ಥಿನಿ