ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃ ಯಾರು?

ಪ್ರಶ್ನೆ: ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ, ಇಬ್ರಿಯರಿಗೆ ಬರೆದ ಪತ್ರಿಕೆ (ಅಂದರೆ ಪತ್ರ) ಅಪೊಸ್ತಲ ಪೌಲನದೆಂದೇ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಆದರೆ ಅವನ ಇತರ ಪತ್ರಿಕೆಗಳೆಲ್ಲ ಅವನ ಹೆಸರಿನಿಂದಲೇ ಆರಂಭವಾಗುತ್ತವೆ, ಇದರಲ್ಲಿ ಮಾತ್ರ ಹೆಸರೇ ಇಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಆ ನಂಬಿಕೆ ಬಹಳ ಹಳೆಯದು. ಸುಮಾರು ಕ್ರಿ.ಶ. 200ರದೆಂದು ಎಣಿಸಲಾದ ಪಪೈರಸ್ 46 ಎಂಬ ಹಸ್ತಪ್ರತಿಯಲ್ಲಿ ಇದನ್ನು ಪೌಲನ ಪತ್ರಿಕೆಗಳ ನಡುವೆ, ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯ ಬೆನ್ನಿಗೇ ಇರಿಸಲಾಗಿದೆ. ಕೊನೆಯಲ್ಲಿ ಪೌಲನ ಸಂಗಡಿಗನಾದ ತಿಮೊಥೆಯ ಹೆಸರೂ ಬರುತ್ತದೆ.

ಉತ್ತರ 2: ಅದು ನಿಜವಾದರೂ, ನನ್ನ ಮಟ್ಟಿಗೆ 2ನೆಯ ಅಧ್ಯಾಯದ 3ನೆಯ ವಚನವೇ ನಿರ್ಣಾಯಕ. ರಕ್ಷಣೆಯ ಸಂದೇಶವನ್ನು ಮೊದಲು ಕರ್ತನು (ಯೇಸು) ಸಾರಿದನು, ಅವನಿಂದ ಕೇಳಿದವರು ಅದನ್ನು ನಮಗೆ ಸ್ಥಿರಪಡಿಸಿದರು ಎಂಬರ್ಥದ ಮಾತು ಅಲ್ಲಿದೆ. ಗಲಾತ್ಯದವರಿಗೆ ಬರೆಯುವಾಗ, ತಾನು ಸುವಾರ್ತೆಯನ್ನು ಯಾವ ಮನುಷ್ಯನಿಂದಲೂ ಪಡೆಯಲಿಲ್ಲವೆಂದು ಅಷ್ಟು ಖಂಡಿತವಾಗಿ ಹೇಳಿದ ಪೌಲ ಹೀಗೆ ಬರೆದಿರಲಾರ. ಇದರ ಗ್ರೀಕ್ ಶೈಲಿ ಪೌಲನದಕ್ಕಿಂತ ನಯವಾದುದೆಂದು ಮೂರನೆಯ ಶತಮಾನದಲ್ಲೇ ಗುರುತಿಸಿದ ಕ್ರೈಸ್ತ ಪಂಡಿತ ಒರಿಗೆನ್, ಬರೆದವರು ಯಾರೆಂಬ ಸತ್ಯ ದೇವರಿಗೇ ಗೊತ್ತು ಎಂದಿದ್ದ.

ಉತ್ತರ 3: ಆದಿ ಕ್ರೈಸ್ತ ಲೇಖಕ ತೆರ್ತುಲಿಯನ್ ಇದು ಪೌಲನ ಸಂಗಡಿಗ ಬಾರ್ನಬನದೆಂದ, ಧರ್ಮಸುಧಾರಕ ಲೂಥರ್ ಆದಿ ಕ್ರೈಸ್ತ ಬೋಧಕ ಅಪೊಲ್ಲೋಸನದೆಂದು ಊಹಿಸಿದ. ಅಲೆಕ್ಸಾಂದ್ರಿಯದವನೂ ವಾಕ್ಚತುರನೂ ಶಾಸ್ತ್ರಪಂಡಿತನೂ ಆಗಿದ್ದ ಅಪೊಲ್ಲೋಸನ ಕಡೆಗೇ ನನ್ನ ಒಲವು. ಆದರೆ ಅವನ ಬೇರೆ ಬರಹ ಯಾವುದೂ ಉಳಿದಿಲ್ಲವಾದ್ದರಿಂದ ಹೋಲಿಸಿ ನೋಡುವ ದಾರಿಯಿಲ್ಲ.