ಇಪ್ಪತ್ತನೇ ತಾರೀಖಿಗೇ ಖಾಲಿಯಾಗೋ ಸಂಬಳ: ಪುಟ್ಟಿಗೆ ದೊಡ್ಡಪ್ಪನ ವಾಯ್ಸ್

ಪುಟ್ಟೀ, ದೊಡ್ಡಪ್ಪ ಕಣವ್ವ. ಟೈಪ್ ಮಾಡಾಕೆ ಕಣ್ಣು ಸಾಲಲ್ಲ, ಅದಕ್ಕೆ ಮೈಕ್ ಒತ್ತಿ ಹಿಡ್ಕಂಡು ಮಾತಾಡ್ತಿದೀನಿ. ಉದ್ದ ಆಗ್ತತಿ, ಒಲೆ ಮುಂದೆ ಫೋನ್ ಇಟ್ಕಂಡು ಕೆಲಸ ಮಾಡ್ತಾ ಕೇಳು.

ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಹಾಕಿದ್ದು ನೋಡ್ದೆ. ಇಬ್ರೂ ದುಡೀತೀವಿ, ಮನೇಲಿ ಅತ್ತೆ, ಮಗು ಸೇರಿ ನಾಲ್ಕೇ ಜನ, ಆದ್ರೂ 20ನೇ ತಾರೀಖಿಗೆ ಖಾತೆ ಖಾಲಿ, ಕಿರಾಣಿಗೇ 14 ಸಾವಿರ ಹೋಗ್ತತಿ, ದೊಡ್ಡಪ್ಪ ಒಂದೇ ಸಂಬಳದಾಗೆ ಐದು ಜನಾನ ಹೆಂಗೆ ಸಾಕಿದ್ರು ಅಂತ ಕೇಳಿದ್ದೆ. ಅದರ ಕೆಳಗೆ ಉಪದೇಶ ಸುರಿದಿದ್ದೂ ನೋಡ್ದೆ. ನಿಮ್ಮಪ್ಪ ಫ್ಯಾನ್ ಆಫ್ ಮಾಡು ಅಂದ. ನಿಮ್ಮತ್ತೆ, ಅದೇ ನನ್ನ ತಂಗಿ, ಸೊಪ್ಪಿನ ಅಜ್ಜಿ ಹತ್ರ ಚೌಕಾಸಿ ಮಾಡಾಕೆ ಕಲಿ ಅಂದ್ಳು. ಇನ್ಯಾರೋ ಹಣ ಉಳಿಸೋ ಐವತ್ತು ಸೂತ್ರ ಅಂತ ಫಾರ್ವರ್ಡ್ ಹಾಕ್ಯಾರೆ, ಅದರಾಗೆ ಒಂದು ದಿನಾ ನಗ್ತಾ ಇರಿ ಅಂತ. ಆಯ್ತಪ್ಪ, ನಗಾನ.

ನಾನು ದಾವಣಗೆರೆ ಮಂಡಿಪೇಟೆ ಕಿರಾಣಿ ಅಂಗಡೀಲಿ 31 ವರ್ಷ ಲೆಕ್ಕ ಬರೆದೋನು. ನೀವೆಲ್ಲ ಗಲ್ಲಾದ ಈ ಕಡೆ ನಿಂತು ನೋಡ್ತೀರಿ, ನಾನು ಆ ಕಡೆ ಕೂತು ನೋಡೀನಿ. ನಮ್ಮಲ್ಲಿ ಉದ್ರಿ ಗಿರಾಕಿ ಎರಡು ಥರ ಇದ್ರು. ಒಬ್ರು ಸಂಬಳ ಆದ ಮಾರನೇ ದಿನ ಚೀಟಿ ಬರ್ಕಂಡು ಬರೋರು. ಅಕ್ಕಿ, ಬೇಳೆ, ಎಣ್ಣೆ, ಸೋಪು ಎಲ್ಲಾ ಒಂದೇ ಸಲ ಕಟ್ಟಿಸ್ಕಂಡು ಹೋದ್ರೆ, ಮತ್ತೆ ಅವರ ಮುಖ ಕಾಣೋದು ಮುಂದಿನ ತಿಂಗಳೇ. ಇನ್ನೊಬ್ರು ದಿನಾ ಹುಡುಗನ್ನ ಕಳಿಸೋರು, ಕಾಲು ಕೆಜಿ ಸಕ್ಕರೆ, ಐವತ್ತು ಗ್ರಾಂ ಚಾಪುಡಿ. ಆ ಹುಡುಗನ ಕಣ್ಣಿಗೆ ಸರಿಯಾಗಿ ಕಾಣಂಗೆ ನಮ್ಮ ಸಾಹುಕಾರ್ರು ಪೆಪ್ಪರ್‌ಮೆಂಟ್ ಭರಣಿ ಇಡಿಸಿದ್ರು. ದೊಡ್ಡೋರ ಕೈಗೆ ಸಿಗೋ ಎತ್ತರದಾಗೆ ಬಿಸ್ಕೆಟ್ಟು. ತಿಂಗಳ ಕೊನೆಗೆ ಉದ್ರಿ ಪುಸ್ತಕ ಕೂಡಿದ್ರೆ, ಕಾಲು ಕಾಲು ಕೆಜಿ ತಗಂಡೋರ ಬಾಕಿನೇ ಜಾಸ್ತಿ ಇರ್ತಿತ್ತು. ಸಾಹುಕಾರ್ರಿಗೆ ಚೀಟಿ ಗಿರಾಕಿ ಮೇಲೆ ಗೌರವ, ದಿನದ ಗಿರಾಕಿ ಮೇಲೆ ಪ್ರೀತಿ.

ಈಗ ನಿನ್ನ ಫೋನ್ ನೋಡು. ಮೊನ್ನೆ ಹಬ್ಬಕ್ಕೆ ಬಂದಾಗ ಮನೆಗೆ ಸಾಮಾನು ತರಿಸೋ ಆಪ್‌ನ ಆರ್ಡರ್ ಲಿಸ್ಟ್ ತೆಗೆದು ತೋರಿಸಿದ್ಯಲ್ಲ, ನೀನು ನಗ್ತಿದ್ದೆ, ನಾನು ಬೆರಳು ಮಡಚಿ ಎಣಿಸ್ತಿದ್ದೆ. ಒಂದು ತಿಂಗಳಿಗೆ 38 ಸಲ ಕಣವ್ವ! ಒಂದು ಬಿಲ್ಲು ನನಗೆ ಬಾಯಿಪಾಠ ಆಗೇತಿ. ನಿನಗೆ ಬೇಕಾಗಿದ್ದು ಕೊತ್ತಂಬರಿ, 12 ರೂಪಾಯಿ. ಅದೊಂದಕ್ಕೇ ತರಿಸಿದ್ರೆ ಡೆಲಿವರಿ ಚಾರ್ಜ್ ಬೀಳ್ತತಿ ಅಂತ ಮೊಸರು 30, ಚಿಪ್ಸ್ 50, ಐಸ್‌ಕ್ರೀಂ 90. ಮೇಲೆ ಹ್ಯಾಂಡ್ಲಿಂಗ್ ಅಂತ 11. ಒಟ್ಟು 193. ಕೊತ್ತಂಬರಿ ಬೆಲೆ ನಿನಗೆ 193 ಬಿತ್ತು. ಅಜ್ಜಿ ಹತ್ರ ಎರಡು ರೂಪಾಯಿಗೆ ಜಗಳ ಆಡಿ ಈ 193ನ್ನ ಎಲ್ಲಿ ಹುಟ್ಟಿಸ್ತೀಯ? ಆ ಅಜ್ಜಿನ ಅವಳ ಪಾಡಿಗೆ ಬಿಡ್ರೋ.

ಆ ಪೆಪ್ಪರ್‌ಮೆಂಟ್ ಭರಣಿ ಈಗ ನಿನ್ನ ಕೈಯಾಗೇ ಐತಿ, ಅಷ್ಟೇ. ಅದಕ್ಕೇ ಇಂಥದ್ದು ಬಿಡು, ಅಂಥದ್ದು ಬಿಡು ಅಂತ ನಾನು ಹೇಳಲ್ಲ. ಸಲ ಕಮ್ಮಿ ಮಾಡು. ದಿನಸಿ ತಿಂಗಳಿಗೆ ಒಂದು ಸಲ, ತರಕಾರಿ ವಾರಕ್ಕೆ ಎರಡು ಸಲ. ನಡುವೆ ಏನಾದ್ರೂ ಮುಗೀತು ಅಂದ್ರೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸು, ಅದರಾಗೆ ಬರಿ. ಎರಡು ದಿನ ಬಿಟ್ಟು ನೋಡಿದ್ರೆ ಅದರಾಗೆ ಅರ್ಧ ಬೇಕಾಗೇ ಇರಲ್ಲ.

ಅಕ್ಕಿ ವಿಷಯ ಹೇಳ್ತೀನಿ, ಇದು ನಿನಗೆ ಯಾರೂ ಹೇಳಿರಲ್ಲ. ಮೊದಲು 25 ಕೆಜಿ ಇದ್ದ ಚೀಲ ಈಗ 26 ಕೆಜಿ ಯಾಕೆ ಬರ್ತತಿ ಗೊತ್ತಾ? 2022ರ ಜುಲೈ 18ರಿಂದ 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆಲ್ಲಾ 5 ಪರ್ಸೆಂಟ್ ಜಿಎಸ್‌ಟಿ ಬಂತು. 25 ದಾಟಿದ್ರೆ ಇಲ್ಲ. ಮಿಲ್ಲಿನೋರು ಸುಮ್ನೆ ಕೂರ್ತಾರಾ, ಒಂದು ಕೆಜಿ ಜಾಸ್ತಿ ತುಂಬಿದ್ರು, ತೆರಿಗೆ ಹೋತು. ನಾನು ಕೆಲಸ ಬಿಡೋಕೆ ಒಂದು ವರ್ಷ ಮುಂಚೆ ಇದು. ಗಿರಾಕಿಗಳೆಲ್ಲ ಒಂದು ಕೆಜಿ ಫ್ರೀ ಅಂದ್ಕಂಡು ಖುಷಿಪಟ್ಟಿದ್ರು! ನೀನು ತರಿಸ್ತೀಯಲ್ಲ ಐದೈದು ಕೆಜಿ ಪ್ಯಾಕೆಟ್ಟು, ಅದಕ್ಕೆ ತೆರಿಗೇನೂ ಐತಿ, ಪ್ಯಾಕೆಟ್ ಖರ್ಚೂ ಐತಿ. ಚೀಲ ತಗಂಡ್ರೆ ನಿಮ್ಮ ನಾಲ್ಕು ಜನಕ್ಕೆ ಒಂದೂವರೆ, ಎರಡು ತಿಂಗಳು ಬರ್ತತಿ. ಹಳೇ ಅಕ್ಕಿ ಕೇಳು. ಕೆಜಿಗೆ ಎರಡು ಮೂರು ರೂಪಾಯಿ ಜಾಸ್ತಿ ಹೇಳ್ತಾರೆ, ಆದ್ರೆ ಅನ್ನ ಒದಗ್ತತಿ. ಹೊಸ ಅಕ್ಕಿ ಅನ್ನ ಮುದ್ದೆ ಆಗ್ತತಿ, ಒಂದು ಪಾವು ಜಾಸ್ತಿನೇ ಬೇಕಾಗ್ತತಿ. ಹುಳ ಬೀಳ್ತತಿ ಅಂತ ಹೆದರಬೇಡ, ಬೇವಿನ ಸೊಪ್ಪು ಒಣಗಿಸಿ ಡಬ್ಬಿ ತಳಕ್ಕೆ ಹಾಕು.

ಎಣ್ಣೆ. ನಿಮ್ಮ ದೊಡ್ಡಮ್ಮ ಹೋದ ತಿಂಗಳು ಆಫರ್ ಅಂತ ಹೇಳಿ ಎರಡು ಪ್ಯಾಕೆಟ್ ತಂದ್ಳು, 135 ರೂಪಾಯಿಂದು. ನಾವು ಯಾವಾಗ್ಲೂ ತರೋದು 145. ಹತ್ತು ಹತ್ತು ಇಪ್ಪತ್ತು ಉಳೀತು ಅಂತ ಅವಳಿಗೆ ಹೆಮ್ಮೆ. ನಾನು ಕನ್ನಡಕ ಹಾಕ್ಕಂಡು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ದೆ. ಒಂದು ಲೀಟರ್ ಎಣ್ಣೆ ತೂಕ 910 ಗ್ರಾಂ ಬರ್ಬೇಕು. ನಮ್ಮ ಮಾಮೂಲಿ ಪ್ಯಾಕೆಟ್ ಮೇಲೆ ಹಂಗೇ ಇತ್ತು. ಆಫರ್‌ದರ ಮೇಲೆ ಸಣ್ಣಕ್ಷರದಾಗೆ 810 ಗ್ರಾಂ. ನೋಡಾಕೆ ಎರಡೂ ಅವಳಿ ಜವಳಿ. ಲೆಕ್ಕ ಹಾಕಿದ್ರೆ ನಮ್ಮದು ನೂರು ಗ್ರಾಮಿಗೆ 15 ರೂಪಾಯಿ 93 ಪೈಸೆ, ಆಫರ್‌ದು 16 ರೂಪಾಯಿ 67 ಪೈಸೆ. ಅಗ್ಗದ್ದೇ ತುಟ್ಟಿ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ರನೇ ಗ್ರಾಮಿಗೋ ಕೆಜಿಗೋ ಎಷ್ಟು ಬೀಳ್ತತಿ ಅಂತ ಹಾಕಿರ್ತಾರೆ, ಅದನ್ನ ನೋಡು. ದೊಡ್ಡಮ್ಮ ಎರಡು ದಿನ ನನ್ನ ಹತ್ರ ಮಾತಾಡ್ಲಿಲ್ಲ, ಅದು ಬೇರೆ ವಿಷಯ.

ಹಂಗಂತ ಎಲ್ಲಾನೂ ಮೂಟೆಗಟ್ಲೆ ತಂದು ಹಾಕ್ಕೋಬೇಡ. ನಾನೇ ಒಂದ್ಸಲ ಮಣ್ಣು ಮುಕ್ಕೀನಿ. ದಸರಾ ಹತ್ರ ಚಿತ್ರದುರ್ಗದ ಕಡೆಯಿಂದ ಈರುಳ್ಳಿ ಬರ್ತತಲ್ಲ, ಆ ವರ್ಷ ನೆಲ ಕಚ್ಚಿತ್ತು ರೇಟು. ಲೆಕ್ಕ ಬರೆಯೋ ಬುದ್ಧಿವಂತ ನಾನು, ಒಂದು ಮೂಟೆ ಆಟೋದಾಗೆ ಹಾಕ್ಕಂಡು ಬಂದು ಮೆಟ್ಟಿಲ ಕೆಳಗೆ ಇಟ್ಟೆ. ಮಳೆಗಾಲದ ಬೆಳೆ ಈರುಳ್ಳಿ ತಡೆಯಲ್ಲ, ಒಳಗೇ ನೀರಿರ್ತತಿ. ಇಟ್ಟುಕೊಳ್ಳೋದು ಬೇಸಿಗೆ ಬೆಳೆ ಈರುಳ್ಳಿ. ಅದು ಗೊತ್ತಿದ್ದೂ ಗೊತ್ತಿದ್ದೂ ಆಸೆ! ಹದಿನೈದು ದಿನಕ್ಕೆ ಮೊಳಕೆ, ಇಪ್ಪತ್ತು ದಿನಕ್ಕೆ ವಾಸನೆ. ಪಕ್ಕದ ಮನೆಯೋರು ಇಲಿ ಸತ್ತೈತಿ ಅಂತ ನಮ್ಮ ಮನೆ ಬಾಗ್ಲಿಗೆ ಬಂದ್ರು. ಅರ್ಧ ಮೂಟೆ ತಿಪ್ಪೆಗೆ ಹೋತು. ವರ್ಷಕ್ಕಾಗೋಷ್ಟು ತಗೊಳ್ಳೋದಾದ್ರೆ ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು. ಎರಡೂ ಬೇಸಿಗೆ ಮುಂಚೆ ಹೊಸದು ಬರ್ತಾವೆ, ಮಾಳಿಗೆ ಮೇಲೆ ಒಣಗಿಸಿ ಇಟ್ರೆ ಕೆಡಲ್ಲ. ತೊಗರಿಬೇಳೆನೂ ಹೊಸ ಬೆಳೆ ಬಂದ ಮೇಲೆ ನಾಲ್ಕು ತಿಂಗಳಿಗೆ ಆಗೋಷ್ಟು ತಗೋಬೌದು.

ಸೋಪು, ಪೇಸ್ಟು, ಶಾಂಪು, ತಲೆಗೆ ಹಚ್ಚೋ ಎಣ್ಣೆ, ಇವಕ್ಕೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ 18ರಿಂದ 5ಕ್ಕೆ ಇಳಿದೈತಿ. ತುಪ್ಪ, ಬೆಣ್ಣೆಗೆ 12 ಇದ್ದಿದ್ದು 5. ನೀನು ಹಳೇ ರೇಟ್ ನೆನಪಲ್ಲೇ ಕೊಡ್ತಿದ್ದೀಯೋ ಏನೋ, ಒಂದ್ಸಲ ಬಿಲ್ಲು ನೋಡ್ಕೋ.

ಈಗ ಬರ್ತೀನಿ ನೋಡು ಗಾಯಕ್ಕೆ. ನೀನೇ ಗ್ರೂಪಲ್ಲಿ ಬರೆದಿದ್ದೀಯ ಅಂತ ಮಾತಾಡ್ತೀನಿ, ಅಳಿಯಂದ್ರು ಬೇಜಾರು ಮಾಡ್ಕೋಬಾರ್ದು. ಕ್ರೆಡಿಟ್ ಕಾರ್ಡ್ ಮೇಲೆ 35 ಸಾವಿರ ಬಾಕಿ ಐತಿ, ತಿಂಗಳು ತಿಂಗಳು ಮಿನಿಮಮ್, ಅಂದ್ರೆ ಬ್ಯಾಂಕಿನೋರು ಕೇಳೋ ಕನಿಷ್ಠ ಮೊತ್ತ, ಕಟ್ತಿದೀವಿ, ತೊಂದರೆ ಇಲ್ಲ ಅಂತ ಬರೆದಿದ್ಯಲ್ಲ. ತೊಂದರೆನೇ ಅದು. ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂತ ಸ್ಟೇಟ್‌ಮೆಂಟ್‌ನಾಗೆ ಐತಿ ಅಂದೆ. ನಮ್ಮ ಕಡೆ ಮಾತಲ್ಲಿ ಹೇಳ್ಬೇಕಂದ್ರೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಯಾರಾದ್ರೂ ಮೂರೂವರೆ ಬಡ್ಡಿಗೆ ಕೈಸಾಲ ಕೊಡ್ತೀನಿ ಅಂದ್ರೆ ನಿಮ್ಮಪ್ಪ ಹೊಡೆದಾಟಕ್ಕೇ ಹೋಗ್ತಾನೆ. 35 ಸಾವಿರಕ್ಕೆ ತಿಂಗಳಿಗೆ 1225, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ನೀನು ಕಟ್ಟೋ ಮಿನಿಮಮ್‌ನಾಗೆ ಮುಕ್ಕಾಲು ಪಾಲು ಬಡ್ಡಿಗೇ ಹೋಗ್ತತಿ, ಅಸಲು ಕೂತಲ್ಲೇ ಕೂತಿರ್ತತಿ. ಇನ್ನೊಂದು, ಹಳೇ ಬಾಕಿ ಇದ್ದಾಗ ಹೊಸದಾಗಿ ಉಜ್ಜಿದ ದುಡ್ಡಿಗೂ ಅವತ್ತಿಂದಲೇ ಬಡ್ಡಿ ಶುರು. ಆ 193ರ ಕೊತ್ತಂಬರಿಗೂ ಬಡ್ಡಿ ಬಿದ್ದೈತಿ ಕಣವ್ವ.

ಇದು ಒಂದು ಕಡೆ. ಇನ್ನೊಂದು ಕಡೆ ನೀನು ಪೋಸ್ಟ್ ಆಫೀಸ್‌ನಾಗೆ ತಿಂಗಳಿಗೆ ಮೂರು ಸಾವಿರ ಆರ್‌ಡಿ, ಅದೇ ತಿಂಗಳ ಕಂತಿನ ಉಳಿತಾಯ, ಕಟ್ತಿದೀಯ, ಎರಡು ವರ್ಷ ಆತು. ಒಳ್ಳೇದೇ. ಅದರ ಬಡ್ಡಿ ವರ್ಷಕ್ಕೆ 6.7, ಅಂದ್ರೆ ನೂರಕ್ಕೆ ತಿಂಗಳಿಗೆ ಎಂಟಾಣೆ ಮೇಲೆ ಚೂರು. ಎಂಟಾಣೆಗೆ ಕೊಟ್ಟು ಮೂರೂವರೆಗೆ ತರೋ ವ್ಯಾಪಾರ ನಮ್ಮ ಮಂಡಿಪೇಟೇಲಿ ಯಾರೂ ಮಾಡಿಲ್ಲ. ಮೂರು ವರ್ಷ ಆಗೋ ತನಕ ಆರ್‌ಡಿ ಒಡೆಯಾಕೆ ಬಿಡಲ್ಲ ಅಂತ ನಿನಗೆ ಯಾರೋ ಹೇಳ್ಯಾರೆ, ಅದು ನಿಜ. ಆದ್ರೆ 12 ಕಂತು ಕಟ್ಟಿದ ಮೇಲೆ ಅದರ ಮೇಲೇ ಸಾಲ ಕೊಡ್ತಾರೆ, ಕಟ್ಟಿದ್ದರಾಗೆ ಅರ್ಧದ ತನಕ. ಬಡ್ಡಿ ಆರ್‌ಡಿ ಬಡ್ಡಿಗಿಂತ ಎರಡು ಪರ್ಸೆಂಟ್ ಜಾಸ್ತಿ, 8.7 ಅಂತಿಟ್ಕೋ. ನಿನ್ನದು 72 ಸಾವಿರ ಆಗೇತಿ, ಅರ್ಧ ಅಂದ್ರೆ 36. ಅದನ್ನ ತಗಂಡು ಕಾರ್ಡ್ ಬಾಕಿ ಪೂರ್ತಿ ತೀರಿಸು. ತಿಂಗಳಿಗೆ 1225 ಹೋಗೋ ಕಡೆ 250 ಚಿಲ್ಲರೆ ಹೋಗ್ತತಿ. ಪಾಸ್‌ಬುಕ್ ತಗಂಡು ಸೋಮವಾರನೇ ಹೋಗು. ಕಾರ್ಡು ಕತ್ತರಿಸು ಅನ್ನಲ್ಲ, ದೊಡ್ಡಮ್ಮನ ಬೆಳ್ಳಿ ಡಬ್ಬಿ ಇದ್ದಂಗೆ ಬೀರುವಿನ ಮೇಲಿನ ಖಾನೇಲಿ ಇಡು. ಸ್ಟೂಲ್ ಹಾಕ್ಕಂಡು ಹತ್ತಿ ತೆಗೀಬೇಕು, ಹಂಗೆ. ಫೋನ್‌ನಾಗೆ ಎಲ್ಲೆಲ್ಲಿ ಅದರ ನಂಬರ್ ಕೂರ್ಸಿದ್ದೀಯೋ ಅಲ್ಲಲ್ಲಿ ಅಳಿಸು.

ಫ್ಯಾನ್ ಆಫ್ ಮಾಡು ಅಂದ ನಿಮ್ಮಪ್ಪನಿಗೆ ಒಂದು ಮಾತು. ಲೇ ತಮ್ಮಾ, ಹಳೇ ಫ್ಯಾನ್ 75 ವ್ಯಾಟ್ಸ್, ಹತ್ತು ತಾಸು ತಿರುಗಿದ್ರೆ ಮುಕ್ಕಾಲು ಯೂನಿಟ್. ನಿನ್ನ ಮಗಳ ಮನೆ ಗೀಸರ್ 2000 ವ್ಯಾಟ್ಸ್, ಅರ್ಧ ತಾಸಿಗೇ ಒಂದು ಯೂನಿಟ್. ಸ್ನಾನಕ್ಕೆ ಹೋಗೋ ಮುಂಚೆ ಆನ್ ಮಾಡಿ ಮರೆತು ಬಿಡೋರು ನೀವು. ಗೃಹಜ್ಯೋತಿಯಾಗೆ 200 ಯೂನಿಟ್ ದಾಟಿದ್ರೆ ಮೇಲಿಂದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಬೇಕು. ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಅದು ಯಾವಾಗ ದಾಟ್ತತಿ ಗೊತ್ತೇ ಆಗಲ್ಲ. ಪುಟ್ಟಿ, ಬೇಸಿಗೇಲಿ ಹದಿನೈದನೇ ದಿನಕ್ಕೆ ಒಂದ್ಸಲ ಮೀಟರ್ ಓದಿಸು, ಅಳಿಯಂದ್ರಿಗೆ ಹೇಳು.

ನಿಮ್ಮ ಮನೇಲಿರೋ ಅತ್ತೆಯೋರ, ಅದೇ ಅಳಿಯಂದ್ರ ತಾಯಿ, ಬಿಪಿ ಮಾತ್ರೆ ಜನೌಷಧಿ ಕೇಂದ್ರದಾಗೆ ಕೇಳು. ಡಾಕ್ಟ್ರಿಗೆ ಕಂಪನಿ ಹೆಸರಲ್ಲ, ಔಷಧಿ ಹೆಸರು ಬರೆದುಕೊಡಿ ಅನ್ನು. ನಾನು ಅಲ್ಲೇ ತಗೊಳ್ಳೋದು, ಅರ್ಧಕ್ಕಿಂತ ಕಮ್ಮಿ ಬೀಳ್ತತಿ.

ಭಾನುವಾರದ ಬೆಣ್ಣೆ ದೋಸೆ ಬಿಡ್ರಿ ಅಂತ ಯಾರಾದ್ರೂ ಹೇಳಿದ್ರೆ ನನ್ನ ಹತ್ರ ಕಳಿಸು. ದಾವಣಗೆರೇಲಿ ಇದ್ದು ಅದನ್ನೂ ತಿನ್ನಬಾರ್ದು ಅಂದ್ರೆ ದುಡಿಯೋದು ಯಾಕೆ. ಮಗು ಹಾಲಿಗೂ ಕೈ ಹಾಕ್ಬೇಡ. ಸಂಜೆ ಚಿಪ್ಸ್ ಪ್ಯಾಕೆಟ್ ಬದ್ಲು ಮಂಡಕ್ಕಿ ಒಗ್ಗರಣೆ ಹಾಕು, ಆಜಾದ್ ನಗರದ ಭಟ್ಟಿ ಕಡೆ ಹೋದಾಗ ಒಂದು ಚೀಲ ನಾನೇ ತಂದುಕೊಡ್ತೀನಿ. ಗರಿಗರಿ ಇರ್ತತಿ, ಅದರ ಮುಂದೆ ನಿನ್ನ ಚಿಪ್ಸ್ ಏನು.

ಮುಂದಿನ ತಿಂಗಳು 1ನೇ ತಾರೀಖಿಗೆ ಚೀಟಿ ಬರ್ಕಂಡು ಬಾ. ನಾನೇ ಅಂಗಡಿಗೆ ಕರ್ಕಂಡು ಹೋಗ್ತೀನಿ, ನಮ್ಮ ಹಳೇ ಹುಡುಗ್ರು ಇನ್ನೂ ಅದಾರೆ, ಹಳೇ ಅಕ್ಕಿ ಯಾವ ಚೀಲದಾಗೆ ಐತಿ ಅಂತ ನಿಜ ಹೇಳ್ತಾರೆ. ಆ 38 ಎಷ್ಟಕ್ಕೆ ಇಳೀತು ಅಂತ ಮಾತ್ರ ನನಗೆ ತೋರಿಸ್ಬೇಕು. ಗ್ರೂಪಲ್ಲಿ ಬೇಡ, ನನಗೊಬ್ನಿಗೇ.

ತಡಿ, ಬಾಗ್ಲಲ್ಲಿ ಯಾರೋ... ಗ್ಯಾಸ್ ಬಂತಂತೆ, ನಿಮ್ಮ ದೊಡ್ಡಮ್ಮ ಕೂಗ್ತಿದಾಳೆ. ತೂಕ ಹಾಕಿಸ್ಬೇಕು. ಸಿಲಿಂಡರ್ ಮೇಲೆ ಖಾಲಿ ತೂಕ ಬರೆದಿರ್ತಾರೆ, ಅದಕ್ಕೆ 14.2 ಕೂಡಿಸ್ಬೇಕು. ಇದರ ಮೇಲೆ 15.3 ಐತಿ, ಅಂದ್ರೆ 29.5 ಬರ್ಬೇಕು. ಏನಪ್ಪಾ, ತಕ್ಕಡಿ ತಂದಿದ್ದೀಯಾ? ಇಡ್ತೀನಿ ಪುಟ್ಟಿ.